ಉಳಿಸಿಕೊಂಡ ಉಸಿರು

ಇಸ್ತ್ರಿಯಕ್ಕನಿಗೆ ಸಿಟ್ಟೇ ಬರುವುದಿಲ್ಲ ಎಂದು ಆಸ್ಪತ್ರೆಯ ಹಿಂದಿನ ಕಟ್ಟಡದವರೆಲ್ಲ ಹತ್ತೊಂಬತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದರು. ಹೇಳುವವರಿಗೇನು ಖರ್ಚು? ಸಿಟ್ಟು ಬರುತ್ತಿತ್ತು. ದಿನಕ್ಕೆ ಮೂರು ಹೊತ್ತೂ ಬರುತ್ತಿತ್ತು. ಬಂದದ್ದನ್ನು ಆಕೆ ನುಂಗಿಕೊಳ್ಳುತ್ತಿದ್ದಳು, ಅಷ್ಟೆ. ನುಂಗಿಕೊಳ್ಳುವವರನ್ನು ಕಂಡರೆ ಲೋಕಕ್ಕೆ ಬಲು ಪ್ರೀತಿ. ತಾಳ್ಮೆ ಅಂದರೆ ಇವಳದಪ್ಪಾ ಎಂದು ಬೆನ್ನು ತಟ್ಟುತ್ತದೆ, ಹಾಗೆ ತಟ್ಟುತ್ತಲೇ ಇನ್ನೆರಡು ಮೂಟೆ ಒದ್ದೆ ಬಟ್ಟೆಯನ್ನು ಅವಳ ಮುಂದೆ ಸುರಿದು ಹೋಗುತ್ತದೆ.

ಅವಳ ಜಾಗ ದೊಡ್ಡ ಉರುಳೆ ಇಸ್ತ್ರಿಯ ಮುಂದೆ. ಹಬೆಯಲ್ಲಿ ಕಾದ ಎರಡು ಉರುಳೆಗಳು ಒಂದನ್ನೊಂದು ಒತ್ತಿಕೊಂಡು ತಿರುಗುವ ಯಂತ್ರ ಅದು. ಹಾಸಿಗೆ ಬಟ್ಟೆಯ ಎರಡು ಮೂಲೆ ಹಿಡಿದು, ಒಮ್ಮೆ ಒದರಿ, ಅಂಚು ನೇರ ಮಾಡಿ ಉರುಳೆಗಳ ನಡುವೆ ಕೊಡಬೇಕು. ಅವಸರ ಮಾಡಿದರೆ ಬಟ್ಟೆ ಸುಕ್ಕಾಗಿ ಒಳಗೇ ಸುತ್ತಿಕೊಳ್ಳುತ್ತದೆ. ನಿಧಾನ ಮಾಡಿದರೆ ಹಿಂದೆ ಗುಡ್ಡ ಬೆಳೆಯುತ್ತದೆ. ಬೆಳಗಿನ ಮೊದಲ ಬಟ್ಟೆ ಹೇಗೆ ಹೋಯಿತೋ ಸಂಜೆಯ ಆರುನೂರನೆಯದೂ ಹಾಗೇ ಹೋಗಬೇಕು. ಹೊಸದಾಗಿ ಸೇರಿದ ಹೆಂಗಸರು ಮೊದಲ ಗಂಟೆಯಲ್ಲಿ ಹುಮ್ಮಸ್ಸಿನಿಂದ ಕೈ ಬೀಸಿ, ಮಧ್ಯಾಹ್ನಕ್ಕೆ ತೋಳು ಹಿಡಿದುಕೊಂಡು ಕೂರುತ್ತಿದ್ದರು. ಇಸ್ತ್ರಿಯಕ್ಕ ಕೂತದ್ದನ್ನು ನೋಡಿದವರಿಲ್ಲ.

ಉರುಳೆಯ ಆಚೆ ಬದಿಯಲ್ಲಿ, ಬಿಸಿಬಿಸಿಯಾಗಿ ಹೊರಬಂದ ಬಟ್ಟೆಯನ್ನು ಹಿಡಿದು ಮಡಿಚುವವಳು ಗುಬ್ಬಿ. ಇಪ್ಪತ್ತಾರು ವರ್ಷ, ಹಿಡಿಯಷ್ಟು ಮೈ, ಅದಕ್ಕೇ ಆ ಹೆಸರು. ಮದುವೆಯಾಗಿ ಎರಡು ವರ್ಷವಾಗಿತ್ತು. ಗಂಡ ದೂರದಲ್ಲಿ ಸೇತುವೆ ಕಟ್ಟುವ ಕೆಲಸಕ್ಕಿದ್ದ. ಶನಿವಾರ ರಾತ್ರಿ ಬರುವವನು, ಸೋಮವಾರ ನಸುಕಿಗೆ ಹೊರಡುವವನು. ನಡುವೆ ಇದ್ದದ್ದು ಒಂದು ಭಾನುವಾರ. ಆ ಭಾನುವಾರ ಗುಬ್ಬಿ ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ ಬಟ್ಟೆ ಮಡಿಚುತ್ತಿದ್ದಳು. ಅವನು ಮನೆಯಲ್ಲಿ ಒಬ್ಬನೇ ಮಲಗಿರುತ್ತಿದ್ದ, ಇಲ್ಲವೇ ಆಸ್ಪತ್ರೆಯ ಹಿಂದಿನ ಗೇಟಿಗೆ ಬಂದು, ಊಟದ ಅರ್ಧ ಗಂಟೆಯಲ್ಲಿ ಕಲ್ಲುಬೆಂಚಿನ ಮೇಲೆ ಅವಳ ಜೊತೆ ಕೂತು ಹೋಗುತ್ತಿದ್ದ. ಬಟ್ಟೆ ವಿಭಾಗಕ್ಕೆ ರಜೆ ಬುಧವಾರ. ‘ನಮ್ಮ ಗುಬ್ಬಿ ಗಂಡನ ಮುಖ ಮರೆತುಬಿಟ್ಟಾಳು, ಒಂದು ಫೋಟೋ ಇಟ್ಕೊಳ್ಳೇ’ ಎಂದು ಹೆಂಗಸರು ನಗುತ್ತಿದ್ದರು. ಗುಬ್ಬಿಯೂ ನಗುತ್ತಿದ್ದಳು. ಇಸ್ತ್ರಿಯಕ್ಕನಿಗೆ ನಗು ಬರುತ್ತಿರಲಿಲ್ಲ. ಅವಳ ಗಂಡ ಬದುಕಿದ್ದಾಗಲೂ ಭಾನುವಾರಗಳು ಹೀಗೇ ಕಳೆದುಹೋಗಿದ್ದವು. ಕಳೆದುಹೋದವು ಎಂಬುದು ಅವನು ಹೋದ ಮೇಲೆಯೇ ಲೆಕ್ಕಕ್ಕೆ ಬಂದದ್ದು.

ಈ ಭಾನುವಾರದ ವಿಷಯ ಕೇಳಿದರೆ ಯಾರಿಗಾದರೂ ಮೈ ಉರಿಯಬೇಕು. ಹಿಂದಿನ ಕಟ್ಟಡದಲ್ಲಿ ಐದು ವಿಭಾಗ: ಬಟ್ಟೆ, ಹೊಲಿಗೆ, ಕಡತದ ಕೋಣೆ, ಔಷಧಿ ಕಟ್ಟುವ ಕೋಣೆ, ಸಾಮಾನಿನ ಉಗ್ರಾಣ. ಐದರಲ್ಲೂ ಹೆಂಗಸರೇ. ಐದೂ ಒಂದೇ ದಿನ ಬಾಗಿಲು ಹಾಕುವಂತಿಲ್ಲವಾದ್ದರಿಂದ ಒಂದೊಂದಕ್ಕೆ ವಾರದಲ್ಲಿ ಒಂದೊಂದು ದಿನ ರಜೆ. ಎಲ್ಲರಿಗೂ ಬೇಕಾದದ್ದು ಭಾನುವಾರ. ಎಂದೋ ಒಬ್ಬ ಮುಖ್ಯಾಧಿಕಾರಿ, ಓಟದ ಹುಚ್ಚಿದ್ದವನು, ಜಗಳ ಬಿಡಿಸಿ ಬಿಡಿಸಿ ಬೇಸತ್ತು ಒಂದು ಉಪಾಯ ಮಾಡಿದ. ವರ್ಷಕ್ಕೊಮ್ಮೆ ಹಿಂದಿನ ಹೊಲಗಳಲ್ಲಿ ನಾಲ್ಕು ಕಿಲೋಮೀಟರ್ ಓಟ. ವಿಭಾಗಕ್ಕೆ ಮೂವರು. ಮೂವರೂ ಎಷ್ಟನೆಯವರಾಗಿ ಬಂದರೆಂಬುದನ್ನು ಕೂಡಿಸಿ, ಮೊತ್ತ ಯಾರದು ಕಡಿಮೆಯೋ ಅವರು ಮೊದಲು ದಿನ ಆರಿಸಿಕೊಳ್ಳಲಿ. ಆತ ನಿವೃತ್ತನಾಗಿ, ಸತ್ತು, ಗೋಡೆಯ ಮೇಲೆ ಫೋಟೋ ಆದ. ಅವನ ಓಟ ಮಾತ್ರ ಸಾಯಲಿಲ್ಲ. ದುಡಿದವರಿಗೆ ಸಿಗಬೇಕಾದ ಬಿಡುವನ್ನು ಕುರಿ ಓಡಿಸಿದ ಹಾಗೆ ಓಡಿಸಿ ಕೊಡುವುದು ಯಾವ ಸೀಮೆಯ ನ್ಯಾಯ ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದಕ್ಕಿಂತ ಓಡುವುದು ಸುಲಭ ಅನ್ನಿಸಿರಬೇಕು. ನಾಲ್ಕು ವರ್ಷದಿಂದ ಭಾನುವಾರ ಹೊಲಿಗೆಯವರದು.

ಇಸ್ತ್ರಿಯಕ್ಕ ಓಡಲು ಶುರು ಮಾಡಿದ್ದು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅಣ್ಣನಿಗೋಸ್ಕರ. ಅಣ್ಣ ಸೈಕಲ್ ರಿಪೇರಿ ಅಂಗಡಿಯವನು. ಪ್ರಾಯದಲ್ಲಿ ದೂರದ ಓಟಗಾರ. ನಲವತ್ತೆರಡು ಕಿಲೋಮೀಟರಿನ ಒಂದು ದೊಡ್ಡ ಓಟದಲ್ಲಿ ಎಲ್ಲರಿಗಿಂತ ಮುಂದೆ ಹೊರಟು, ಮೂವತ್ತೈದನೆಯದರಲ್ಲಿ ಕಾಲು ಕಟ್ಟಿ ರಸ್ತೆಬದಿಯಲ್ಲಿ ಕುಸಿದಿದ್ದ. ಆಮೇಲೆ ಮಂಡಿ ಹೋಯಿತು, ಓಟ ಹೋಯಿತು, ಉಳಿದದ್ದು ಒಂದೇ ಮಂತ್ರ: ಉಳಿಸ್ಕೋ. ತಂಗಿಯ ಗಂಡ ತೀರಿಕೊಂಡ ವರ್ಷ ಅವನು ಒಂದು ಜೊತೆ ಬೂಟು ತಂದು ಅವಳ ಕಾಲಬುಡದಲ್ಲಿಟ್ಟ. ಮನಸ್ಸಿಗೂ ಹಗುರವಾಗುತ್ತದೆ, ಸುಮ್ಮನೆ ಬಾ ಎಂದ. ಎರಡು ವರ್ಷದಲ್ಲಿ ಅವಳು ಮೂವತ್ತು ಕಿಲೋಮೀಟರ್ ಓಡುವವಳಾದಳು. ಅವನು ಪಕ್ಕದಲ್ಲಿ ಸೈಕಲ್ ತುಳಿಯುತ್ತ, ಕೊರಳಲ್ಲಿ ಸ್ಟಾಪ್‌ವಾಚ್ ನೇತುಹಾಕಿಕೊಂಡು, ಹತ್ತು ನಿಮಿಷಕ್ಕೊಮ್ಮೆ ಹೇಳುತ್ತಿದ್ದ: “ಉಳಿಸ್ಕೋ. ಇನ್ನೂ ಇದೆ. ಉಳಿಸ್ಕೋ.”

ಅದನ್ನು ಅವಳಿಗೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಚಿಕ್ಕವಳಿದ್ದಾಗಿನಿಂದ ಕೇಳಿದ್ದು ಅದೇ. ಹೊಸ ಬಟ್ಟೆ ಈಗ ಬೇಡ, ಎಲ್ಲಿಗಾದರೂ ಹೋಗುವಾಗ ಹಾಕ್ಕೊಳ್ಳೋಣ. ಒಳ್ಳೆಯ ಹೊದಿಕೆ ಪೆಟ್ಟಿಗೆಯಲ್ಲೇ ಇರಲಿ, ನೆಂಟರು ಬಂದರೆ ಬೇಕು. ಅಳಬೇಡ, ಮುಂದೆ ಅಳುವುದು ಬೇಕಾದಷ್ಟಿದೆ. ಹಾಗೆ ಉಳಿಸಿಟ್ಟ ಬಟ್ಟೆ ಗಿಡ್ಡವಾಯಿತು, ಹೊದಿಕೆಯನ್ನು ನುಸಿ ತಿಂದಿತು. ಅಳುವ ಸರದಿ ನಿಜವಾಗಿಯೂ ಬಂದಾಗ ಕಣ್ಣೀರೂ ಕೈಕೊಟ್ಟಿತು.

ಇಂಥವಳು ತಮ್ಮ ವಿಭಾಗದಲ್ಲಿದ್ದಾಳೆಂದರೆ ಬಟ್ಟೆಯವರಿಗೆ ಆಸೆ ಹುಟ್ಟದೆ ಇರುತ್ತದೆಯೇ? “ಮೂವತ್ತು ಕಿಲೋಮೀಟರ್ ಓಡೋರಿಗೆ ನಾಲ್ಕು ಯಾವ ಮೂಲೆಗೆ?” ಎಂದಳು ಬುಗುರಿ. ಒಗೆಯುವ ಯಂತ್ರದ ಡ್ರಮ್ಮುಗಳನ್ನು ತಿರುಗಿಸುವವಳಾದ್ದರಿಂದ ಅವಳು ಬುಗುರಿ, ಐವತ್ತರ ಗಟ್ಟಿ ಹೆಂಗಸು. “ನೀವು, ಗುಬ್ಬಿ, ನಾನು. ನಾನು ಬೈಕೊಂಡಾದ್ರೂ ಓಡ್ತೀನಿ. ಈ ಸಲ ಆ ಹೊಲಿಗೆಯವರ ಸೊಕ್ಕು ಇಳಿಸೋಣ.”

ಹಿಂದಿನ ವರ್ಷ ಅಣ್ಣ ಬಿಟ್ಟಿರಲಿಲ್ಲ. ಈ ವರ್ಷವೂ ಮುಖ ಗಂಟು ಹಾಕಿದ. ಅವಳನ್ನು ಅವನು ತಯಾರು ಮಾಡುತ್ತಿದ್ದ ನಲವತ್ತೆರಡು ಕಿಲೋಮೀಟರಿನ ದೊಡ್ಡ ಓಟಕ್ಕೆ ಇನ್ನು ಆರೇ ವಾರ ಇತ್ತು.

“ಕಲ್ಲು ಮುಳ್ಳಲ್ಲಿ ಓಡಿ ಕಾಲು ಉಳುಕಿಸ್ಕೊಂಡ್ರೆ? ಎರಡು ವರ್ಷದ್ದು ನೀರಲ್ಲಿ ಹೋಮ ಆಗತ್ತೆ.”

“ಮಾತು ಕೊಟ್ಟಿದ್ದೀನಿ ಅಣ್ಣ.”

“ಸರಿ, ಓಡು. ಆದ್ರೆ ಮೈಮೇಲೆ ಹಾಕ್ಕೋಬೇಡ. ನಿನಗೆ ಅದು ಮೈ ಬಿಸಿ ಮಾಡ್ಕೊಳ್ಳೋಷ್ಟು ದೂರ, ಅಷ್ಟೆ. ಹಾಗೇ ಓಡಿದ್ರೂ ಗೆಲ್ತೀಯ.”

ಅವಳೂ ಹಾಗೇ ಅಂದುಕೊಂಡಳು. ಅದೇ ಅವಳು ಮಾಡಿದ ತಪ್ಪು. ಇಂಥ ತಪ್ಪು ದೂರದ ಓಟದವರು ಮಾತ್ರ ಮಾಡಬಲ್ಲರು. ನಾಲ್ಕು ಕಿಲೋಮೀಟರ್ ಓಡಿ ಅಭ್ಯಾಸವೇ ಇಲ್ಲದವರಿಗೆ ಅದು ದೂರ ಎಂಬ ಭಯವಾದರೂ ಇರುತ್ತದೆ.

ಆ ಭಯ ಗುಬ್ಬಿಗಿತ್ತು. ಎರಡು ತಿಂಗಳು ಅವಳು ಊಟದ ಹೊತ್ತಿನಲ್ಲಿ ಹಿತ್ತಲ ಅಂಗಳದಲ್ಲಿ, ಬಟ್ಟೆ ಒಣಹಾಕಿದ ತಂತಿಗಳ ನಡುವೆ, ಸುತ್ತು ಹಾಕಿದಳು. ಹೆಬ್ಬೆರಳು ಇಣುಕುವ ಬೂಟು. ಎಂಟು ಸುತ್ತಾದ ಮೇಲೆ ಕಂಬ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು. ಒಂದು ದಿನ ಹಾಗೆ ನಿಂತಿದ್ದವಳ ಹತ್ತಿರ ಇಸ್ತ್ರಿಯಕ್ಕ ನೀರು ತೆಗೆದುಕೊಂಡು ಹೋದಳು.

“ಅಕ್ಕ, ನನ್ ಕೈಲಿ ಆಗತ್ತಾ?”

“ನೀನು ಆದಷ್ಟು ಓಡು. ಮಿಕ್ಕಿದ್ದಕ್ಕೆ ನಾನಿದ್ದೀನಿ. ಈ ಸಲ ಭಾನುವಾರ ನಿನ್ನದೇ ಅಂದ್ಕೋ.”

“ಅವರಿಗೆ ಹೇಳಿಬಿಡ್ಲಾ?”

“ಹೇಳು,” ಎಂದಳು ಇಸ್ತ್ರಿಯಕ್ಕ. ಗುಬ್ಬಿ ಅಲ್ಲೇ ನಿಂತು, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಗಂಡನಿಗೆ ಫೋನ್ ಮಾಡಿದಳು.

ಓಟ ನಡೆದದ್ದು ಕೆಲಸದ ದಿನವೇ, ಬೆಳಗ್ಗೆ ಹತ್ತಕ್ಕೆ. ಎರಡು ಗಂಟೆ ಯಂತ್ರ ನಿಲ್ಲಿಸಲು ಅಪ್ಪಣೆಯಾಗಿತ್ತು. ಅಂಗಳದ ಒಂದು ಬದಿಯಲ್ಲಿ ಸುಣ್ಣದ ಗೆರೆ, ಒಂದು ಮೇಜು, ಮೇಜಿನ ಹಿಂದೆ ಆಡಳಿತಾಧಿಕಾರಿ. ಅವನ ಮುಂದೆ ಸಂಖ್ಯೆ ಬರೆದ ಹದಿನೈದು ರಟ್ಟಿನ ಚೂರು. ಅಂಗಳದಿಂದ ಮುನ್ನೂರು ಹೆಜ್ಜೆ ಓಡಿದರೆ ಕಾಂಪೌಂಡಿನ ಗೋಡೆ ಒಡೆದ ಜಾಗ ಸಿಗುತ್ತದೆ. ಒಬ್ಬರು ನುಸುಳುವಷ್ಟೇ ಕಿಂಡಿ. ಆಚೆ ಕಾಲುವೆಯ ಏರಿ. ಒಂದು ಕಡೆ ನೀರು, ಇನ್ನೊಂದು ಕಡೆ ಮುಳ್ಳುಬೇಲಿ, ನಡುವೆ ಒಬ್ಬರ ಹಿಂದೆ ಒಬ್ಬರು ಹೋಗುವ ದಾರಿ, ಒಂದು ಕಿಲೋಮೀಟರಿಗೂ ಹೆಚ್ಚು. ಆಮೇಲೆ ಬೀಳು ಹೊಲ, ಏರು, ನೀರಿನ ಟ್ಯಾಂಕು. ಟ್ಯಾಂಕನ್ನು ಸುತ್ತಿ, ಅಗಲವಾದ ಮಣ್ಣಿನ ರಸ್ತೆಯಲ್ಲಿ ವಾಪಸ್ಸು. ದಾರಿ ಎಲ್ಲರಿಗೂ ಗೊತ್ತಿತ್ತು. ಇಸ್ತ್ರಿಯಕ್ಕನಿಗೂ ಗೊತ್ತಿತ್ತು. ಗೊತ್ತಿದ್ದೂ ಕಿಂಡಿಗೆ ಹಿಂದೆ ಉಳಿದಳಲ್ಲ, ಅದಕ್ಕೇನೆನ್ನಬೇಕು.

ಸೀಟಿ ಊದಿದ್ದೇ ತಡ, ಹದಿನಾಲ್ಕು ಹೆಂಗಸರು ಬೆಂಕಿ ಬಿದ್ದ ಮನೆಯಿಂದ ಹೊರಬೀಳುವವರಂತೆ ಕಿಂಡಿಯ ಕಡೆ ನುಗ್ಗಿದರು. ಗುಬ್ಬಿ ಮೊಣಕೈಯಿಂದ ಇಬ್ಬರನ್ನು ಸರಿಸಿಕೊಂಡು ಮುಂದೆ ಹೋದಳು. ಇಸ್ತ್ರಿಯಕ್ಕ ಮಾತ್ರ ತನ್ನ ಎಂದಿನ ಹೆಜ್ಜೆ ಹಾಕಿದಳು. ಹೋಗಲಿ, ಹೋಗಲಿ, ಮುಂದೆ ಎಲ್ಲರೂ ಸುಸ್ತಾಗಿ ಸಿಗುತ್ತಾರೆ ಎಂದು ಒಳಗೊಳಗೇ ನಕ್ಕಳು. ದೂರದ ಓಟಗಳಲ್ಲಿ ಹಾಗೇ ಆಗುತ್ತಿತ್ತು: ಮೊದಲು ಹಾರಿದವರು ಇಪ್ಪತ್ತನೆಯ ಕಿಲೋಮೀಟರಿನಲ್ಲಿ ಸೊಂಟ ಹಿಡಿದುಕೊಂಡು ನಿಂತಿರುತ್ತಿದ್ದರು. ಇಲ್ಲಿ ಇಪ್ಪತ್ತನೆಯ ಕಿಲೋಮೀಟರೇ ಇಲ್ಲ ಎಂಬುದನ್ನು ಕಾಲಿಗೆ ಹೇಳುವವರು ಯಾರು?

ಕಿಂಡಿ ದಾಟುವಾಗ ಅವಳು ಹನ್ನೆರಡನೆಯವಳು. ಏರಿಯ ಮೇಲೆ ಅವಳ ಮುಂದಿದ್ದವಳು ಉಗ್ರಾಣದ ಒಬ್ಬ ಹೆಂಗಸು. ಆಗಲೇ ಮುಗ್ಗರಿಸುತ್ತ, ದಾರಿ ಬಿಡದೆ, ಕೈ ಬೀಸಿಕೊಂಡು ನಿಧಾನಕ್ಕೆ ಓಡುತ್ತಿದ್ದಳು. “ಸ್ವಲ್ಪ ಜಾಗ ಬಿಡಿ” ಎಂದರೆ “ಎಲ್ಲಿಗೆ ಬಿಡ್ಲಿ, ನೀರಿಗೆ ಬೀಳ್ಲಾ?” ಎಂದಳು. ಇಸ್ತ್ರಿಯಕ್ಕ ನೂಕಲಿಲ್ಲ. ಮುಳ್ಳಿಗೆ ಮೈ ತಾಗಿಸಿಕೊಂಡು ದಾಟಬಹುದಿತ್ತು, ಗೀರಿದರೆ ಆರು ವಾರದೊಳಗೆ ಮಾಯುತ್ತಿತ್ತು. ಆದರೂ ಹಿಂದೆಯೇ ಹೋದಳು. ತಾಳ್ಮೆ ಅಂದರೆ ಅವಳದು ತಾನೆ.

ಬೀಳು ಹೊಲ ಬಂದಾಗ ಒಬ್ಬೊಬ್ಬರನ್ನೇ ದಾಟತೊಡಗಿದಳು. ಬುಗುರಿ ಸಿಕ್ಕಿದಳು. ಹೇಳಿದ ಹಾಗೆಯೇ ಕಲ್ಲನ್ನೂ ಮಣ್ಣನ್ನೂ ಗೋಡೆಯ ಮೇಲಿನ ಫೋಟೋವನ್ನೂ ಬೈಯುತ್ತ ಓಡುತ್ತಿದ್ದವಳು “ಹೋಗಿ, ಹೋಗಿ!” ಎಂದು ಕೈಯಾಡಿಸಿದಳು. ಟ್ಯಾಂಕಿನ ಹತ್ತಿರ ಅಣ್ಣ ಸೈಕಲ್ಲಿಗೆ ಒರಗಿ ನಿಂತಿದ್ದ. ವಾಚು ನೋಡಿ, ಎರಡೂ ಕೈ ಕೆಳಗೆ ಅದುಮುವಂತೆ ಮಾಡಿ ಕೂಗಿದ: “ಸರಿಯಾಗಿದೆ! ಹಾಗೇ ಬಾ! ಉಳಿಸ್ಕೋ!”

ಅವಳು ಹಾಗೇ ಹೋದಳು. ಮಣ್ಣಿನ ರಸ್ತೆಯಲ್ಲಿ ಇನ್ನಿಬ್ಬರನ್ನು ದಾಟಿದಳು. ಮುಂದೆ ಹೊಲಿಗೆಯ ಕೋಣೆಯ ನೀಲಿ ಅಂಗಿಯವಳೊಬ್ಬಳು ಓಡುತ್ತಿದ್ದಳು. ಹತ್ತು ಹೆಜ್ಜೆಯಿದ್ದದ್ದು ಎಂಟಾಯಿತು, ಆರಾಯಿತು. ಈಗಲ್ಲ, ಇನ್ನೊಂದು ಸ್ವಲ್ಪ ಹೊತ್ತು, ಅವಳು ತಾನಾಗಿಯೇ ಸೋಲುತ್ತಾಳೆ. ಐದು ಹೆಜ್ಜೆ. ಯಾರೋ ಚಪ್ಪಾಳೆ ತಟ್ಟಿದರು. ಕಾಲ ಕೆಳಗೆ ಸುಣ್ಣದ ಗೆರೆ ಹಾದುಹೋಯಿತು. ಓಟ ಮುಗಿಯಿತೆಂದು ಅವಳಿಗೆ ತಿಳಿದದ್ದು ಕೈಗೆ ರಟ್ಟಿನ ಚೂರು ಬಂದ ಮೇಲೆ. ಅದರ ಮೇಲೆ ಐದು ಎಂದು ಬರೆದಿತ್ತು.

ಅಂಗಳದ ಕಂಬದ ಬುಡದಲ್ಲಿ ಗುಬ್ಬಿ ಮಂಡಿಯೂರಿ ವಾಂತಿ ಮಾಡುತ್ತಿದ್ದಳು. ಮುಖ ಬಿಳಿಚಿತ್ತು. ಒಂದು ಕಾಲಿನ ಬೂಟಿನಿಂದ ರಕ್ತ ಜಿನುಗುತ್ತಿತ್ತು. ಮುಷ್ಟಿಯಲ್ಲಿ ಎರಡು ಎಂದು ಬರೆದ ರಟ್ಟು ಮುದುಡಿತ್ತು. ಹೊಲಿಗೆಯ ಮೊದಲನೆಯವಳಿಗೂ ಅವಳಿಗೂ ಒಂದೇ ಮಾರು ಅಂತರವಂತೆ. ಏಳನೆಯವಳಾಗಿ ಬಂದ ಬುಗುರಿ ಗೆರೆಯ ಮೇಲೆಯೇ ಅಂಗಾತ ಬಿದ್ದಳು. ಅವಳನ್ನು ಎಳೆದು ಪಕ್ಕಕ್ಕೆ ಹಾಕಬೇಕಾಯಿತು. ಇಸ್ತ್ರಿಯಕ್ಕ ನಿಂತೇ ಇದ್ದಳು. ಅಂಗಿಯ ಕಂಕುಳಷ್ಟೇ ಒದ್ದೆಯಾಗಿತ್ತು.

ಆಡಳಿತಾಧಿಕಾರಿ ಕೂಡಿಸಿ ಓದಿದ. ಹೊಲಿಗೆ ಒಂದು, ನಾಲ್ಕು, ಎಂಟು, ಒಟ್ಟು ಹದಿಮೂರು. ಬಟ್ಟೆ ಎರಡು, ಐದು, ಏಳು, ಒಟ್ಟು ಹದಿನಾಲ್ಕು. “ಅಬ್ಬಬ್ಬಾ, ಒಂದೇ ಒಂದು!” ಎಂದು ಅವನು ಏನೋ ದೊಡ್ಡ ತಮಾಷೆ ನಡೆದಂತೆ ನಕ್ಕ. ಹೊಲಿಗೆಯವರು ಕಿರುಚಿ ಕುಣಿದರು. ಭಾನುವಾರ ಅವರದು. ಎರಡನೆಯ ಆಯ್ಕೆ ಬಟ್ಟೆಯವರದು, ಶನಿವಾರ ಬೇಕಾದರೆ ತೆಗೆದುಕೊಳ್ಳಿ ಎಂದ. ಶನಿವಾರ ಗುಬ್ಬಿಯ ಗಂಡ ಬಸ್ಸಿನಲ್ಲಿರುತ್ತಾನೆ.

ಇಸ್ತ್ರಿಯಕ್ಕ ಮನಸ್ಸಿನಲ್ಲಿ ಲೆಕ್ಕ ಹಾಕಿದಳು. ನೀಲಿ ಅಂಗಿಯವಳೊಬ್ಬಳನ್ನು ದಾಟಿದ್ದರೆ ತಾನು ನಾಲ್ಕು, ಅವಳು ಐದು. ತಮ್ಮದು ಹದಿಮೂರು, ಅವರದು ಹದಿನಾಲ್ಕು. ಒಬ್ಬಳು. ಐದು ಹೆಜ್ಜೆ. ಇನ್ನೊಮ್ಮೆ ಹಾಕಿದರೂ ಲೆಕ್ಕ ಅದೇ ಬಂತು. ಎದೆಯ ಮೇಲೆ ಕೈಯಿಟ್ಟುಕೊಂಡು ನೋಡಿದಳು. ಎದೆ ಸುಮ್ಮನೆ, ಇಸ್ತ್ರಿಯ ಮುಂದೆ ನಿಂತಾಗ ಇರುವ ಹಾಗೆ, ನಿಧಾನಕ್ಕೆ ಹೊಡೆದುಕೊಳ್ಳುತ್ತಿತ್ತು. ಅದನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

ಗುಬ್ಬಿ ಬಾಯಿ ಒರೆಸಿಕೊಂಡು, ಕುಂಟುತ್ತ ಬಂದು ಅವಳ ಕೈ ಹಿಡಿದುಕೊಂಡಳು.

“ಹೋಗ್ಲಿ ಬಿಡಿ ಅಕ್ಕ. ನೀವೇನು ಮಾಡ್ತೀರಾ, ನಿಮ್ ಕೈಲಾದಷ್ಟು ಮಾಡಿದ್ರಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಹುಡುಗಿ ಕುಂಟಿಕೊಂಡು ಬಂದ ದಾರಿಯಲ್ಲಿ ರಕ್ತದ ಹನಿ ಬಿದ್ದಿತ್ತು. ಸಮಾಧಾನ ಹೇಳುತ್ತಿದ್ದದ್ದು ರಕ್ತ ಸುರಿಸಿದವಳು, ಹೇಳಿಸಿಕೊಳ್ಳುತ್ತಿದ್ದದ್ದು ಇವಳು. ಇಸ್ತ್ರಿಯಕ್ಕನಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು. ಈ ಸಲ ಅದು ಗಂಟಲಿನಿಂದ ಕೆಳಗಿಳಿಯಲಿಲ್ಲ.

ಅಷ್ಟರಲ್ಲಿ ಅಣ್ಣ, ಮೇಜಿನ ಮೇಲೆ ಬರೆದಿಟ್ಟಿದ್ದ ಸಮಯದ ಪಟ್ಟಿ ನೋಡಿ, ಸೈಕಲ್ ತಳ್ಳಿಕೊಂಡು ಬಂದ. ಮುಖ ಅರಳಿತ್ತು. “ಇಪ್ಪತ್ತೊಂದು ನಿಮಿಷ ನಲವತ್ತು! ಉಸಿರೇ ಏರಿಲ್ಲ ನೋಡಿ ನನ್ನ ತಂಗೀದು!” ಎಂದು ಸುತ್ತಲಿದ್ದವರಿಗೆಲ್ಲ ಹೇಳಿದ. “ಹೀಗೇ ಇನ್ನೂ ಮೂವತ್ತೆಂಟು ಓಡ್ತಾಳೆ. ದೊಡ್ಡ ಓಟಕ್ಕೆ ಇನ್ನೇನೂ ಭಯ ಇಲ್ಲ.”

“ಬಾಯಿ ಮುಚ್ಚು,” ಎಂದಳು ಇಸ್ತ್ರಿಯಕ್ಕ.

ಅಣ್ಣನೊಂದಿಗೆ ಅವಳು ಹಾಗೆ ಮಾತಾಡಿದ್ದನ್ನು ಕೇಳಿದವರಿಲ್ಲ. ಅಣ್ಣನೂ ಕೇಳಿರಲಿಲ್ಲ.

“ಏನಂದೆ?”

“ಬಾಯಿ ಮುಚ್ಚು ಅಂದೆ. ಉಳಿಸ್ಕೋ ಉಳಿಸ್ಕೋ ಅಂತ ಎರಡು ವರ್ಷ ಕಿವಿ ತಿಂದೆಯಲ್ಲ, ಉಳಿಸ್ಕೊಂಡೆ. ಏನು ಮಾಡ್ಲಿ ಇದನ್ನ ಈಗ? ಯಾರಿಗೆ ಕೊಡ್ಲಿ? ನೀನು ಯಾವತ್ತೋ ಬಿದ್ದೆ ಅಂತ ನನ್ನನ್ನ ಏಳೋಕೆ ಬಿಡಲ್ವಾ ನೀನು?”

“ನಾನೇನು ಸೋಲು ಅಂದಿದ್ನಾ? ಓಡಿದವಳು ನೀನು ತಾನೆ!”

ಆ ಮಾತು ನಿಜ. ನಿಜವಾದದ್ದರಿಂದಲೇ ಅವಳಿಗೆ ಇನ್ನಷ್ಟು ಉರಿಯಿತು. ಅಣ್ಣ ಕೂಗಿದ್ದು ಒಂದು ಸಲ, ಟ್ಯಾಂಕಿನ ಹತ್ತಿರ. ಕಿಂಡಿಯ ಹತ್ತಿರ ಅವನಿರಲಿಲ್ಲ. ಏರಿಯ ಮೇಲೆ ಇರಲಿಲ್ಲ. ಆ ಕೊನೆಯ ಐದು ಹೆಜ್ಜೆಯಲ್ಲಿ ಇರಲಿಲ್ಲ. ಅಲ್ಲೆಲ್ಲ ಇದ್ದವಳು ತಾನೊಬ್ಬಳೇ.

ಅವಳು ತಿರುಗಿ ಗೆರೆಯ ಹತ್ತಿರ ಹೋದಳು. ಆಡಳಿತಾಧಿಕಾರಿ ರಟ್ಟಿನ ಚೂರುಗಳಿಗೆ ರಬ್ಬರ್ ಹಾಕುತ್ತಿದ್ದ. “ಎಲ್ಲಿಗಮ್ಮ? ಮುಗೀತಲ್ಲ” ಎಂದ. ಅವಳು ಉತ್ತರ ಕೊಡದೆ ಓಡಿದಳು.

ಈ ಸಲ ಕಾಲಿಗೆ ಏನನ್ನೂ ಕೇಳಲಿಲ್ಲ. ಕಿಂಡಿಯಲ್ಲಿ ಭುಜ ಗೋಡೆಗೆ ಉಜ್ಜಿತು. ಏರಿಯ ಮೇಲೆ ಮುಳ್ಳು ಗೀರಿತು, ಎರಡು ಸಲ ಕಾಲು ಜಾರಿ ಕೆಸರಿಗಿಳಿಯಿತು. ಅರ್ಧ ಏರಿ ಮುಗಿಯುವಷ್ಟರಲ್ಲಿ ಗಂಟಲು ಉರಿಯತೊಡಗಿತು. ಎರಡು ವರ್ಷದಲ್ಲಿ ಒಮ್ಮೆಯೂ ಉರಿಯದ ಗಂಟಲು. ಬೀಳು ಹೊಲದಲ್ಲಿ ತೊಡೆ ಕಲ್ಲಾಯಿತು. ನಿಧಾನ ಮಾಡು ಎಂದು ಮೈಯೆಲ್ಲ ಬೇಡಿಕೊಂಡಿತು. ಮಾಡಲಿಲ್ಲ. ಆ ಫೋಟೋದವನ ಮೇಲೆ, ನಕ್ಕ ಅಧಿಕಾರಿಯ ಮೇಲೆ, ಪೆಟ್ಟಿಗೆಯಲ್ಲಿ ಕೊಳೆತ ಹೊದಿಕೆಯ ಮೇಲೆ ಸಿಟ್ಟು ಮಾಡಿಕೊಂಡು ಓಡಿದಳು. ಟ್ಯಾಂಕು ಸುತ್ತುವ ಹೊತ್ತಿಗೆ ಅವರೆಲ್ಲ ಹಿಂದೆ ಬಿದ್ದು, ಸಿಟ್ಟು ಮಾಡಿಕೊಳ್ಳಲು ಅವಳೊಬ್ಬಳೇ ಉಳಿದಳು. ಮಣ್ಣಿನ ರಸ್ತೆಯಲ್ಲಿ ಕಣ್ಣಿಗೆ ದಾರಿ ಸರಿಯಾಗಿ ಕಾಣಲಿಲ್ಲ. ಬಾಯಿಂದ ಏನೋ ಸದ್ದು ಬರುತ್ತಿತ್ತು, ಅಳುವೋ ಉಸಿರೋ ಅವಳಿಗೇ ತಿಳಿಯಲಿಲ್ಲ.

ಗೆರೆ ದಾಟಿ ನಾಲ್ಕು ಹೆಜ್ಜೆ ಹೋಗಿ ಮುಗ್ಗರಿಸಿ ಬಿದ್ದಳು. ಅಂಗಳದಲ್ಲಿ ಮೇಜು ಇರಲಿಲ್ಲ, ಅಧಿಕಾರಿ ಇರಲಿಲ್ಲ, ಹೊಲಿಗೆಯವರು ಹೋಗಿಯಾಗಿತ್ತು. ಅಣ್ಣನಿದ್ದ. ಅಭ್ಯಾಸ ನೋಡಿ, ಅವಳು ಹೊರಟಾಗ ಅವನ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿತ್ತು, ಈಗಲೂ ಒತ್ತಿತು.

“ಹದಿನೆಂಟು ಐವತ್ತು,” ಎಂದ. ದನಿಯಲ್ಲಿ ಸಂತೋಷ ತಡೆಯಲಾಗಿರಲಿಲ್ಲ. “ಮೊದಲನೆಯವಳದು ಹತ್ತೊಂಬತ್ತೂವರೆ. ನೀನು ಅವಳಿಗಿಂತ...” ಅಲ್ಲಿಗೆ ನಿಲ್ಲಿಸಿದ. ತಾನು ಏನು ಹೇಳುತ್ತಿದ್ದೇನೆಂದು ಅವನಿಗೂ ಆಗ ಅರ್ಥವಾಯಿತು.

ಅವಳು ಕೈ ಚಾಚಿದಳು. ಅವನು ಕೊರಳಿನಿಂದ ವಾಚು ತೆಗೆದು ಕೊಟ್ಟ. ಅದನ್ನು ಹಿಡಿದುಕೊಂಡು, ಗೋಡೆ ಹಿಡಿಯುತ್ತ, ಬಟ್ಟೆ ವಿಭಾಗದ ಒಳಗೆ ಹೋದಳು. ಯಂತ್ರಗಳು ಇನ್ನೂ ಶುರುವಾಗಿರಲಿಲ್ಲ. ಗುಬ್ಬಿ ಮಡಿಚುವ ಮೇಜಿನ ಮೇಲೆ ಕೂತು, ಕಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಬುಗುರಿ ಪಕ್ಕದಲ್ಲಿ ಕತ್ತರಿ ಹಿಡಿದು ನಿಂತಿದ್ದಳು.

“ಅಯ್ಯೋ, ಏನಕ್ಕ ಇದು, ಕೈಯೆಲ್ಲ ರಕ್ತ! ಎಲ್ಲಿಗೆ ಹೋಗಿದ್ರಿ?”

ಇಸ್ತ್ರಿಯಕ್ಕ ವಾಚನ್ನು ಅವಳ ಮುಂದೆ ಹಿಡಿದಳು. ಮಾತು ಒಂದೊಂದಾಗಿ ಬಂತು.

“ಇನ್ನೊಂದ್ಸಲ ಓಡ್ದೆ. ಅದೇ ದಾರಿ. ಮೊದಲು ಓಡಿದ್ದು ಇಪ್ಪತ್ತೊಂದು ನಲವತ್ತು. ಇದು ನೋಡು. ಕೈಲಾದಷ್ಟು ಮಾಡಿದ್ರಿ ಅಂದೆಯಲ್ಲ. ಇಲ್ಲ. ಇಷ್ಟು ನನ್ನ ಹತ್ರ ಇತ್ತು. ನಿನಗೆ ಕೊಡಲಿಲ್ಲ.”

ಗುಬ್ಬಿ ವಾಚು ತೆಗೆದುಕೊಂಡು ನೋಡಿದಳು. ಎರಡು ಸಂಖ್ಯೆಗಳ ನಡುವೆ ಎಷ್ಟಿದೆ ಎಂದು ತುಟಿ ಅಲ್ಲಾಡಿಸುತ್ತ ಎಣಿಸಿದಳು. ಎಣಿಸಿ ಮುಗಿಸಿದಾಗ ಅವಳ ಮುಖದ ಮೇಲೆ ಬೆಳಗಿನಿಂದ ಇದ್ದ ಮೃದುತನ ಹೋಗಿತ್ತು.

“ಇದನ್ನ ನನಗ್ಯಾಕೆ ತೋರಿಸಿದ್ರಿ?”

ಇಸ್ತ್ರಿಯಕ್ಕ ಕೈಯ ರಕ್ತವನ್ನು ಅಂಗಿಗೆ ಒರೆಸಿಕೊಂಡಳು.

“ನಿಮ್ ಕೈಲಿ ಆಗ್ಲಿಲ್ಲ ಅಂದ್ಕೊಂಡಿದ್ದೆ. ಅವರಿಗೂ ಹಾಗೇ ಹೇಳ್ದೆ ಈಗ ಫೋನಲ್ಲಿ. ಅಕ್ಕ ಪಾಪ ತುಂಬಾ ಓಡಿದ್ರು, ಏನು ಮಾಡೋದು ಅಂತ. ಅವರೂ ಹೋಗ್ಲಿ ಬಿಡು ಅಂದ್ರು.” ಅವಳ ದನಿ ಏರಿತು. “ಇನ್ನೊಂದು ವರ್ಷ ಹಾಗಂದ್ಕೊಂಡು ತಳ್ತಿದ್ದೆ ನಾನು. ಈಗ ಪ್ರತಿ ಭಾನುವಾರ ಇಲ್ಲಿ ನಿಂತ್ಕೊಂಡು ನಿಮ್ಮ ಮುಖ ನೋಡ್ಬೇಕಾ?”

“ಗುಬ್ಬೀ, ಸುಮ್ನಿರೇ,” ಎಂದಳು ಬುಗುರಿ.

“ಬೇಡ, ಮಾತಾಡ್ಲಿ,” ಎಂದಳು ಇಸ್ತ್ರಿಯಕ್ಕ.

ಗುಬ್ಬಿ ಮೇಜಿನಿಂದ ಇಳಿದಳು. ನೋಯುವ ಕಾಲು ನೆಲಕ್ಕೆ ತಾಗಿದಾಗ ಹಲ್ಲು ಕಚ್ಚಿದಳು, ಆದರೆ ಆಸರೆಗೆ ಚಾಚಿದ ಇಸ್ತ್ರಿಯಕ್ಕನ ಕೈ ಹಿಡಿಯಲಿಲ್ಲ. ವಾಚನ್ನು ಮೇಜಿನ ಮೇಲೆ ಇಟ್ಟಳು.

“ನಾಳೆಯಿಂದ ಉರುಳೆಗೆ ಬೇರೆ ಯಾರನ್ನಾದ್ರೂ ಹಾಕ್ಕೊಳ್ಳಿ. ನನ್ನನ್ನ ದಿಂಬಿನ ಚೀಲದ ಮೇಜಿಗೆ ಕಳಿಸಿ.”

ಆಯ್ತು ಎನ್ನಬೇಕೆಂದು ಇಸ್ತ್ರಿಯಕ್ಕ ಬಾಯಿ ತೆರೆದಳು. ಉಸಿರು ಸಾಲಲಿಲ್ಲ. ತಲೆಯಾಡಿಸಿದಳು.